ಸಿಕಲ್ ಸೆಲ್ ಇರುವವರ ಮೂಳೆನೋವು, ವಿಟಮಿನ್ ಡಿ: ನನ್ನ ಅನುಭವ

ಕೊಡಗಿನ ಹಾಡಿಗಳಲ್ಲಿ, ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವ ಯರವ, ಜೇನು ಕುರುಬ ಜನರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಹೆತ್ತವರಿಂದ ಬರುವ ಈ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗುತ್ತವೆ. 2023ರಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ಅಭಿಯಾನ ಶುರು ಮಾಡಿತು. ಡಾಕ್ಟರಾಗಿ ನಾನು ನೋಡುವವರಲ್ಲಿ ವಯಸ್ಕರೇ ಜಾಸ್ತಿ. ಅವರು ನೋವು ಅಂದ ಕೂಡಲೇ ಕ್ರೈಸಿಸ್ (ಬಾಗಿದ ಕಣಗಳು ರಕ್ತನಾಳ ಕಟ್ಟಿ ಬರುವ ನೋವು) ಅಂದುಕೊಂಡು ನೋವಿನ ಮಾತ್ರೆ ಕೊಟ್ಟು ಕಳಿಸಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕ್ರೈಸಿಸ್ ನೋವು ಸಾಮಾನ್ಯವಾಗಿ ಇದ್ದಕ್ಕಿದ್ದ ಹಾಗೆ ಬರುತ್ತದೆ, ಜನ ಕಿರುಚಾಡುವಷ್ಟು ಜೋರಾಗಿ. ಕೆಲವು ದಿನ ಇದ್ದು ಇಳಿಯುತ್ತದೆ. ಆದರೆ ಕೆಲವರು ಹೇಳುವುದೇ ಬೇರೆ. "ಇದು ಬಂದು ಹೋಗೋ ನೋವಲ್ಲ ಡಾಕ್ಟ್ರಮ್ಮ, ಇಲ್ಲೇ ಕೂತ್ಬಿಟ್ಟಿದೆ" ಅಂತ ಸೊಂಟ, ತೊಡೆ ತೋರಿಸುತ್ತಾರೆ. ಅಂಥವರನ್ನು ಕುಕ್ಕರಗಾಲಲ್ಲಿ ಕೂತು ಏಳೋಕೆ ಹೇಳುತ್ತೇನೆ. ತೊಡೆಗೆ ಎರಡೂ ಕೈ ಊರಿಕೊಂಡು, ಮೈಯನ್ನು ಮೇಲಕ್ಕೆ ತಳ್ಳಿಕೊಂಡು ಏಳುತ್ತಾರೆ. ಆಮೇಲೆ ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯನ್ನು ಹೆಬ್ಬೆರಳಲ್ಲಿ ಒತ್ತುತ್ತೇನೆ. ನೋವಿಗೆ ಹುಬ್ಬು ಗಂಟಿಕ್ಕಿದರೆ, ವಿಟಮಿನ್ ಡಿ ಕಮ್ಮಿಯಾಗಿ ಮೂಳೆ ಮೆತ್ತಗಾಗಿರಬಹುದು ಅಂತ ಅದರ ಪರೀಕ್ಷೆಗೆ ಬರೆಯುತ್ತೇನೆ. ಜೊತೆಗೆ ಕ್ಯಾಲ್ಸಿಯಂ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ಕ್ರಿಯಾಟಿನಿನ್. ಮೂಳೆ ತೊಂದರೆಯಲ್ಲಿ ರಕ್ತದಲ್ಲಿ ಏರುವ ಆಲ್ಕಲೈನ್ ಫಾಸ್ಫಟೇಸ್ ಒಂದನ್ನೇ ನಂಬುವುದಿಲ್ಲ. ಕ್ರೈಸಿಸ್‌ನಲ್ಲೂ ಅದು ಏರುತ್ತದೆ.

ದಿನವಿಡೀ ಹೊರಗೆ ದುಡಿಯುವವರಿಗೆ ಬಿಸಿಲಿನ ವಿಟಮಿನ್ ಕಮ್ಮಿ ಆಗೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಕಾಫಿ ಬೆಳೆಯುವುದೇ ಮರದ ನೆರಳಲ್ಲಿ ಅಲ್ವಾ? ಕೆಲಸಕ್ಕೆ ಹೋಗುವ ಹೆಂಗಸರು ಸೀರೆ ಮೇಲೆ ತುಂಬು ತೋಳಿನ ಶರ್ಟ್ ಹಾಕಿ, ತಲೆಗೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಮಳೆಗಾಲದಲ್ಲಂತೂ ಬಿಸಿಲೇ ಅಪರೂಪ. ಚಳಿ ತಾಗಿದರೆ ಕ್ರೈಸಿಸ್ ಬರಬಹುದು ಅನ್ನುವ ಭಯಕ್ಕೆ ಮೈತುಂಬ ಹೊದ್ದು ಒಳಗೇ ಇರುವವರೂ ಉಂಟು. ಕಪ್ಪು ಚರ್ಮಕ್ಕೆ ಅಷ್ಟೇ ವಿಟಮಿನ್ ಮಾಡಿಕೊಳ್ಳೋಕೆ ಜಾಸ್ತಿ ಹೊತ್ತು ಬಿಸಿಲು ಬೇಕು. ಇದರ ಮೇಲೆ ಈ ಕಾಯಿಲೆ ಕಿಡ್ನಿಯನ್ನೂ ಕೆಡಿಸುತ್ತದೆ. ವಿಟಮಿನ್ ಡಿ ಕೊನೆಗೆ ಕೆಲಸಕ್ಕೆ ಬರುವ ರೂಪ ಪಡೆಯುವುದು ಮುಖ್ಯವಾಗಿ ಕಿಡ್ನಿಯಲ್ಲೇ.

ವಿಟಮಿನ್ ಡಿ ಮಟ್ಟ ಒಂದು ಮಿಲಿಲೀಟರ್ ರಕ್ತಕ್ಕೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದು, ಕ್ಯಾಲ್ಸಿಯಂ, ಕಿಡ್ನಿ ಸರಿಯಿದ್ದರೆ 60,000 ಯೂನಿಟ್‌ನ ವಿಟಮಿನ್ ಡಿ ಪುಡಿ ಪೊಟ್ಟಣ ಕೊಡುತ್ತೇನೆ. ವಾರಕ್ಕೆ ಒಂದೇ, 8 ವಾರ. ಇಲ್ಲಿ ಎಡವುವ ಜಾಗ ಒಂದಿದೆ: ಬೇರೆ ಮಾತ್ರೆಗಳ ಹಾಗೆ ದಿನಾ ಕುಡಿದುಬಿಡುತ್ತಾರೆ. ಹಾಗೆ ಮುಂದುವರಿದರೆ ಕ್ಯಾಲ್ಸಿಯಂ ಅತಿಯಾಗಿ ಏರುವ ಅಪಾಯ. ಅದಕ್ಕೇ ನಾನು ತಾರೀಕು ಹೇಳುವುದಿಲ್ಲ, "ಸಂತೆ ದಿನ ಊಟ ಆದ ಮೇಲೆ" ಅಂತ ಹೇಳುತ್ತೇನೆ. ಯಾರೂ ಸಂತೆ ಮರೆಯುವುದಿಲ್ಲ. ಅವತ್ತು ಮನೆಯಲ್ಲಿ ಮೀನೋ ಕೋಳಿಯೋ ಇರುತ್ತದೆ. ಈ ವಿಟಮಿನ್ನನ್ನು ಕೊಬ್ಬಿನ ಜೊತೆ ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ, ಖಾಲಿ ಹೊಟ್ಟೆಗೆ ಕುಡಿದರೆ ಅಷ್ಟು ಪ್ರಯೋಜನವಿಲ್ಲ. ಕ್ಯಾಲ್ಸಿಯಂಗೆ ರಾಗಿ ಇದ್ದೇ ಇದೆ. ಅನ್ನ ಬಂದ ಮೇಲೆ ಬಿಟ್ಟವರಿಗೆ ಮತ್ತೆ ಶುರು ಮಾಡಿ ಅನ್ನುತ್ತೇನೆ. ವಿಟಮಿನ್ ಡಿಗಾಗಿ ಬಿಸಿಲಿಗೆ ಕೂರುವುದಾದರೆ ಮೊದಲು ನೀರು ಕುಡಿಯಲೇಬೇಕು. ಇವರ ಮೈಯಲ್ಲಿ ನೀರು ಕಮ್ಮಿಯಾದರೆ ಕ್ರೈಸಿಸ್‌ಗೇ ದಾರಿ.

ಪುಡಿ ಕೊಟ್ಟೆ ಅಂತ ಹೈಡ್ರಾಕ್ಸಿಯೂರಿಯಾ ಬಿಡಿಸುವುದಿಲ್ಲ. ಕ್ರೈಸಿಸ್ ಕಡಿಮೆ ಮಾಡುವ ಔಷಧ ಅದು, ಇದು ಮೂಳೆಗೆ.

ತೊಡೆಸಂದಿನಲ್ಲಿ ನೋವಿದ್ದು, ಕಾಲನ್ನು ಒಳಕ್ಕೆ ತಿರುಗಿಸೋಕೆ ಆಗದಿದ್ದರೆ ನನ್ನ ಲೆಕ್ಕವೇ ಬೇರೆ. ಅದು ರಕ್ತ ಸಿಗದೆ ಸೊಂಟದ ಕೀಲಿನ ಮೂಳೆ ಸಾಯುತ್ತಿರುವ ಸೂಚನೆ ಇರಬಹುದು. ಪುಡಿಯಿಂದ ಅದು ವಾಸಿಯಾಗುವುದಿಲ್ಲ. ಎಕ್ಸ್‌ರೇ ಸರಿಯಿದೆ ಅಂದರೂ ಸುಮ್ನೆ ಬಿಡದೆ ಎಂಆರ್‌ಐಗೆ ಕಳಿಸುತ್ತೇನೆ. ಉಳಿದವರಿಗೆ ಮೂರು ತಿಂಗಳಿಗೆ ಮರುಪರೀಕ್ಷೆ. ಸರಿಯಾಗಿ ಕುಡಿದೂ ಮಟ್ಟ ಏರದಿದ್ದರೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡುತ್ತೇನೆ. ರಕ್ತದಲ್ಲಿ ವಿಟಮಿನ್ ಡಿಯನ್ನು ಹೊತ್ತು ತಿರುಗುವ ಪ್ರೋಟೀನ್ ಕೂಡ ಆ ದಾರಿಯಲ್ಲೇ ಸೋರಿಹೋಗುತ್ತದೆ.