ಅಪ್ಪನಿಗೆ ಆಟೋಮ್ಯಾಟಿಕ್ ಕಾರಾ? ಮೊದಲು ಸೀಟು ನೋಡಿ

ವಯಸ್ಸಾದೋರಿಗೆ ಚಿಕ್ಕ ಆಟೋಮ್ಯಾಟಿಕ್ ಹುಡುಕ್ತಿರೋರು ಮೈಲೇಜ್ ಆಮೇಲೆ ಕೇಳಿ. ಮೊದಲು ಅವರನ್ನೇ ಶೋರೂಮಿಗೆ ಕರ್ಕೊಂಡು ಹೋಗಿ ಹತ್ತಿಸಿ, ಇಳಿಸಿ. ಮಂಡಿನೋವಿದ್ರೆ ವ್ಯಾಗನ್‌ಆರ್ ಥರ ಎತ್ತರದ ಸೀಟೇ ವಾಸಿ. ತಗ್ಗಿನ ಸೆಡಾನಿಂದ ಏಳೋಕೆ ಬಾಗಿಲು ಹಿಡ್ಕೊಂಡು ತಿಣುಕಬೇಕು.

ಕಡಿಮೆ ಬೆಲೆಯವು ಹೆಚ್ಚಾಗಿ ಎಎಂಟಿ, ಅಂದ್ರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸೋ ಕೆಲಸ ಮಾತ್ರ ಯಂತ್ರದ್ದು. ಗೇರ್ ಬದಲಾಗುವಾಗ ಸ್ವಲ್ಪ ಜಗ್ಗುತ್ತೆ, ಆಕ್ಸಿಲರೇಟರ್ ಹಗುರವಾಗಿ ಒತ್ತಿದ್ರೆ ಅಷ್ಟು ಗೊತ್ತಾಗಲ್ಲ. ಇವುಗಳಲ್ಲಿ ಸಾಮಾನ್ಯವಾಗಿ ‘ಪಿ’ (ಪಾರ್ಕಿಂಗ್ ಗೇರ್) ಇರಲ್ಲ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಲೇಬೇಕು. ಹೋಂಡಾ ಅಮೇಜ್‌ನಲ್ಲಿರೋ ಸಿವಿಟಿ (ಹಂತ ಹಂತದ ಗೇರ್ ಇಲ್ಲದ ಆಟೋಮ್ಯಾಟಿಕ್) ನಯವಾಗಿ ಹೋಗುತ್ತೆ, ರೇಟೂ ಜಾಸ್ತಿ.

ಟೆಸ್ಟ್ ಡ್ರೈವ್ ಖಾಲಿ ರಸ್ತೇಲಿ ಬೇಡ, ಸಂಜೆ ದಾವಣಗೆರೆ ಮಂಡಿಪೇಟೆ ಗದ್ದಲದಲ್ಲೇ ಮಾಡಿ (ಸೇಲ್ಸ್ ಹುಡುಗ ಮುಖ ಹುಳ್ಳಗೆ ಮಾಡ್ತಾನೆ, ಮಾಡಲಿ). ಅಂಡರ್‌ಪಾಸ್ ಏರಲ್ಲಿ ನಿಲ್ಲಿಸಿ ಹೊರಡಿಸಿ, ಹಿಂದಕ್ಕೆ ಜಾರುತ್ತಾ ನೋಡಿ. ಹಳೇ ರೂಢಿಗೆ ಎಡಗಾಲು ಕ್ಲಚ್ ಹುಡುಕಿ ಬ್ರೇಕ್ ತುಳಿದುಬಿಡುತ್ತೆ. ಬೆಳಿಗ್ಗೆ ಖಾಲಿ ಮೈದಾನದಲ್ಲಿ ಅದನ್ನ ಮೊದಲು ಬಿಡಿಸಿ.