ಮೈತ್ರಿ ನಿಲ್ದಾಣದಲ್ಲಿ ಮದುವೆ ಊಟ

ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನೆಲೆಯಾದ ಮೈತ್ರಿ ನಿಲ್ದಾಣಕ್ಕೆ ನಾನು ಹೋಗಿದ್ದು ಹವಾಮಾನ ವೀಕ್ಷಣೆಯ ಕೆಲಸಕ್ಕೆ. ಅಡುಗೆಮನೆಯೊಂದಿಗೆ ನನ್ನ ಸಂಬಂಧವೆಂದರೆ, ಎಲ್ಲರಿಗೂ ಸರದಿಯಂತೆ ಬರುತ್ತಿದ್ದ ಈರುಳ್ಳಿ ಹೆಚ್ಚುವ ಮತ್ತು ಪಾತ್ರೆ ತೊಳೆಯುವ ಕೆಲಸವಷ್ಟೇ. ಹೀಗಿದ್ದರೂ, ಜೂನ್ 21ರ ನಡುಚಳಿಗಾಲದ ಭೋಜನಕ್ಕೆ ನಮ್ಮೂರಿನ ಮದುವೆ ಊಟ ಹಾಕಿಸೋಣ ಎಂದು ಮಾತಿಗೆ ಹೇಳಿದ ತಪ್ಪಿಗೆ ಅದರ ಹೊಣೆಯೆಲ್ಲ ನನ್ನ ಹೆಗಲೇರಿತು. ಆ ದಿನ ಖಂಡದ ನಿಲ್ದಾಣಗಳೆಲ್ಲ ಪರಸ್ಪರ ಶುಭಾಶಯ ಕಳುಹಿಸಿ ಔತಣ ಮಾಡುವುದು ವಾಡಿಕೆ; 1911ರಲ್ಲಿ ಬ್ರಿಟಿಷ್ ಅನ್ವೇಷಕ ಸ್ಕಾಟ್‌ನ ತಂಡವೂ ಇದೇ ಖಂಡದ ಕೇಪ್ ಇವಾನ್ಸ್‌ನ ಗುಡಿಸಲಿನಲ್ಲಿ ಇದನ್ನು ಆಚರಿಸಿತ್ತು. ನಮ್ಮಲ್ಲಿ ಮೇ ಕೊನೆಯಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣಲು ಸುಮಾರು ಎರಡು ತಿಂಗಳು ಬೇಕು.

ಮೊದಲು ನಾನು ನೋಡಿದ್ದು ಉಗ್ರಾಣದ ಪುಸ್ತಕವನ್ನು. ಸಾಮಾನು ಹೊತ್ತ ಹಡಗು ಬರುವುದು ಬೇಸಿಗೆಯಲ್ಲಿ ಮಾತ್ರವಾದ್ದರಿಂದ, ಏನು ಮಾಡಬೇಕು ಎನ್ನುವುದಕ್ಕಿಂತ ಏನು ಉಳಿದಿದೆ ಎನ್ನುವುದೇ ಅಲ್ಲಿ ಊಟದ ಪಟ್ಟಿಯನ್ನು ತೀರ್ಮಾನಿಸುತ್ತದೆ. ಸೌತೆಕಾಯಿ, ಕೊತ್ತಂಬರಿ ಸೊಪ್ಪು ಎಂದೋ ಮುಗಿದಿದ್ದವು. ಆದ್ದರಿಂದ ಕೋಸಂಬರಿಗೆ ಹೆಸರುಬೇಳೆಯ ಜೊತೆ ಶೀತಲೀಕರಿಸಿದ ಕ್ಯಾರೆಟ್ ಹಾಕಿ, ಹಸಿ ತೆಂಗಿನ ಬದಲು ಬಿಸಿನೀರಿನಲ್ಲಿ ನೆನೆಸಿದ ಕೊಬ್ಬರಿತುರಿ ಬಳಸಿದೆವು. ಹಾಲಿನ ಪುಡಿಯ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಟ್ಟಾಗ ಮಜ್ಜಿಗೆಗೆ ಬೇಕಾದ ಮೊಸರೂ ಸಿಕ್ಕಿತು.

ನಿಜವಾಗಿ ಕಾಡಿದ್ದು ಹೋಳಿಗೆ. ಹೊರಗಿನ ಕೊರೆವ ಗಾಳಿಯಲ್ಲಿ ತೇವ ಅತ್ಯಲ್ಪ. ಅದನ್ನೇ ಒಳಗೆ ತಂದು ಬಿಸಿ ಮಾಡಿದಾಗ ಕೋಣೆಯ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ನಾದಿಟ್ಟ ಕಣಕ ಕಾಲು ಗಂಟೆಯಲ್ಲೇ ಮೇಲೆ ಪೊರೆಗಟ್ಟಿ, ತಟ್ಟುವಾಗ ಬಿರಿದು, ಹೂರಣವೆಲ್ಲ ಕಾವಲಿಗೆ ಅಂಟಿಕೊಂಡಿತು. ಮೊದಲ ಆರು ಹೋಳಿಗೆಗಳು ಹೀಗೇ ಹಾಳಾದವು. ಆಮೇಲೆ ಕಣಕವನ್ನು ಇನ್ನಷ್ಟು ಸಡಿಲವಾಗಿ ಕಲಸಿ, ಎಣ್ಣೆಯಲ್ಲಿ ಮುಳುಗಿಸಿಟ್ಟು, ಒಂದೊಂದೇ ಉಂಡೆ ತೆಗೆದು ತಟ್ಟಿದೆವು. ಉತ್ತರ ಭಾರತದವರಾದ ನಮ್ಮ ಅಡುಗೆಯವರು ಇದನ್ನು ಸಿಹಿ ಪರಾಠಾ ಎಂದೇ ಕರೆಯುತ್ತಿದ್ದರು. ತಿದ್ದುವ ಗೋಜಿಗೆ ನಾನು ಹೋಗಲಿಲ್ಲ, ಏಕೆಂದರೆ ಅವರ ಕೈಯಲ್ಲಿ ಅದು ನನ್ನದಕ್ಕಿಂತ ತೆಳ್ಳಗೆ ಬರುತ್ತಿತ್ತು.

ಅಲಂಕಾರಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಹಸಿರು ಕಾಗದವನ್ನು ಬಾಳೆ ಎಲೆಯಂತೆ ಕತ್ತರಿಸಿ, ಕುಡಿ ಎಡಕ್ಕೆ ಬರುವಂತೆ ಸ್ಟೀಲ್ ತಟ್ಟೆಗಳ ಕೆಳಗೆ ಹಾಸಿದೆವು, ಅಷ್ಟೇ. ನಾನು ಹಟ ಹಿಡಿದಿದ್ದು ಬಡಿಸುವ ವಿಷಯದಲ್ಲಿ. ದಿನವೂ ನಾವು ತಟ್ಟೆ ಹಿಡಿದು ಬಡಿಸಿಕೊಂಡು, ಕೆಲಸದ ವೇಳೆಗೆ ತಕ್ಕಂತೆ ಒಬ್ಬೊಬ್ಬರಾಗಿ ಉಣ್ಣುತ್ತಿದ್ದೆವು. ಅಂದು ಮಾತ್ರ ಮೇಜುಗಳನ್ನು ಎರಡು ಸಾಲಾಗಿ ಜೋಡಿಸಿ, ನಡುವೆ ಓಡಾಡಲು ಜಾಗ ಬಿಟ್ಟು, ಎಲ್ಲರನ್ನೂ ಒಟ್ಟಿಗೆ ಕೂರಿಸಿದೆವು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿ, ಅನ್ನ, ತೊವ್ವೆ, ತುಪ್ಪ ಬೀಳುವವರೆಗೆ ಯಾರೂ ಕೈ ಹಾಕುವಂತಿರಲಿಲ್ಲ. ಹಸಿವಿನಿಂದ ಗೊಣಗಿದವರೇ ಎರಡನೇ ಸುತ್ತಿಗೆ ತಾವಾಗಿ ಎದ್ದು ಸಾರಿನ ಬಕೆಟ್ ಹಿಡಿದರು.

ಸುಮಾರು ಐದು ಕಿಲೋಮೀಟರ್ ದೂರದ ರಷ್ಯಾದ ನೊವೊಲಾಜರೆವ್‌ಸ್ಕಯಾ ನಿಲ್ದಾಣದಿಂದಲೂ ಕೆಲವರು ಬಂದಿದ್ದರು. ಸಾಕು ಎನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕೆಂದು ಅವರಿಗೆ ಮೊದಲೇ ಹೇಳಿಕೊಡದಿದ್ದುದು ನನ್ನ ತಪ್ಪು. ಹಾಕಿದ್ದನ್ನೆಲ್ಲ ಮರ್ಯಾದೆಗಾಗಿ ತಿಂದು ಮುಗಿಸುತ್ತಿದ್ದ ಒಬ್ಬ ಹಿರಿಯರ ತಟ್ಟೆ ಖಾಲಿಯಾದಂತೆಲ್ಲ ನಾವು ಮತ್ತೆ ಬಡಿಸಿದೆವು. ಐದನೇ ಹೋಳಿಗೆಯ ಹೊತ್ತಿಗೆ ಅವರು ಪಕ್ಕದವನನ್ನು ನೋಡಿ, ಅವನಂತೆಯೇ ಎರಡೂ ಕೈಗಳನ್ನು ತಟ್ಟೆಯ ಮೇಲೆ ಹರಡಿದರು.

ಉಳಿದ ಅಡುಗೆಯನ್ನು ಅಲ್ಲಿ ಹೊರಗೆ ಚೆಲ್ಲುವಂತಿಲ್ಲ. 1991ರ ಮ್ಯಾಡ್ರಿಡ್ ಒಪ್ಪಂದದ ಪರಿಸರ ನಿಯಮಗಳು ಅಷ್ಟು ಕಟ್ಟುನಿಟ್ಟು. ಅನ್ನದ ಅಳತೆ ಸರಿಹೋಗಿತ್ತು, ಹೂರಣ ಮಾತ್ರ ಒಂದು ಡಬರಿ ಮಿಕ್ಕಿತ್ತು. ಅದನ್ನು ಉಂಡೆ ಕಟ್ಟಿ, ಬಿಸಿ ಹಾಯಿಸದ ಉಗ್ರಾಣದಲ್ಲಿಟ್ಟೆವು; ಜುಲೈ ಮೊದಲ ವಾರದವರೆಗೆ ಸಂಜೆಯ ಚಹಾಕ್ಕೆ ಅದೇ ಆಯಿತು.