ಸುತ್ತಿನ ಸಮಯ, ಒಟ್ಟು ಸಮಯ: ಮೈದಾನದಲ್ಲಿ ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮಕ್ಕಳಿಗೆ ಓಟ ಕಲಿಸುವ ನಾನು, ಬಹುಕಾಲ ಕೊರಳಿಗೆ ತೂಗುಹಾಕುವ ಸ್ಟಾಪ್‌ವಾಚಿನಿಂದ ಒಟ್ಟು ಸಮಯವನ್ನಷ್ಟೇ ಬರೆದಿಡುತ್ತಿದ್ದೆ. ಸುತ್ತುಗಳನ್ನು ಬೇರೆ ಬೇರೆಯಾಗಿ ಅಳೆಯತೊಡಗಿದ್ದು ಸ್ಪೋರ್ಟ್ಸ್ ವಾಚು ಕೈಗೆ ಬಂದ ಮೇಲೆ.

ನಮ್ಮ ಮುರಕಲ್ಲಿನ ಮೈದಾನದ ಒಂದು ಸುತ್ತು 200 ಮೀಟರ್. 800 ಮೀಟರ್ ಓಟಕ್ಕೆ ನಾಲ್ಕು ಸುತ್ತು. ಓಟಗಾರ್ತಿ ಗೆರೆ ದಾಟಿದಾಗಲೆಲ್ಲ ಲ್ಯಾಪ್ ಗುಂಡಿ ಒತ್ತಿದರೆ, ಆ ಸುತ್ತಿನ ಸಮಯ ಒಂದು ಸಾಲಿನಲ್ಲಿಯೂ ಆರಂಭದಿಂದ ಅಲ್ಲಿಯವರೆಗಿನ ಒಟ್ಟು ಸಮಯ, ಅಂದರೆ ಸ್ಪ್ಲಿಟ್, ಇನ್ನೊಂದು ಸಾಲಿನಲ್ಲಿಯೂ ಮೂಡುತ್ತದೆ. ಮೊದಲ ವಾರ ಈ ಎರಡನ್ನು ಅದಲುಬದಲಾಗಿ ಬರೆದುಕೊಂಡದ್ದರಿಂದ ಆ ವಾರದ ದಾಖಲೆ ಪೂರ್ತಿ ವ್ಯರ್ಥವಾಯಿತು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು 2 ನಿಮಿಷ 48 ಸೆಕೆಂಡಿನಲ್ಲಿ ಓಟ ಮುಗಿಸುತ್ತಿದ್ದಳು. ಸುತ್ತುಗಳನ್ನು ಬಿಡಿಸಿ ನೋಡಿದಾಗ 36, 42, 46, 44 ಸೆಕೆಂಡುಗಳು ಕಂಡವು. ‘ಮೂರನೇ ಸುತ್ತಿಗೆ ಕಾಲೇ ಎತ್ತಲಾಗುವುದಿಲ್ಲ ಸರ್’ ಎಂದು ಅವಳು ಹಲವು ಸಲ ಹೇಳಿದ್ದರ ಕಾರಣ ಆ ಮೊದಲ 36ರಲ್ಲಿತ್ತು. ಮೊದಲ ಸುತ್ತನ್ನು 40ಕ್ಕಿಂತ ಬೇಗ ಮುಗಿಸಕೂಡದೆಂದು ಕಟ್ಟುನಿಟ್ಟು ಮಾಡಿ ಕೆಲವು ವಾರ ಅಭ್ಯಾಸ ಮಾಡಿಸಿದೆ. ಆಮೇಲಿನ ಅಳತೆಯಲ್ಲಿ 40, 41, 42, 40 ಬಂದು, ಒಟ್ಟು 2 ನಿಮಿಷ 43 ಸೆಕೆಂಡಾಯಿತು.

ಮಳೆಗಾಲದಲ್ಲಿ ಮೈದಾನಕ್ಕೆ ಇಳಿಯಲಾಗದ ದಿನ ಜಗಲಿಯಲ್ಲೇ ಇಂಟರ್ವಲ್ ಟೈಮರ್ ಇಟ್ಟು 30 ಸೆಕೆಂಡ್ ವ್ಯಾಯಾಮ, 30 ಸೆಕೆಂಡ್ ವಿಶ್ರಾಂತಿ ಮಾಡಿಸುತ್ತೇನೆ. ಹಂಚಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಬೀಪ್ ಕೇಳಿಸದಿದ್ದರೂ ವೈಬ್ರೇಷನ್ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಅತಿ ಹೆಚ್ಚು ಎಚ್ಚರ ಬೇಕಾದದ್ದು 100 ಮೀಟರ್ ಓಟಕ್ಕೆ. ಸಾಮಾನ್ಯ ಕ್ವಾರ್ಟ್ಸ್ ಗಡಿಯಾರ ತಿಂಗಳಿಗೆ ಸುಮಾರು 15 ಸೆಕೆಂಡ್ ಹಿಂದುಮುಂದಾಗಬಹುದಾದರೂ, ಒಂದು ಓಟದ ಅವಧಿಯಲ್ಲಿ ಆ ವ್ಯತ್ಯಾಸ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ಆರಂಭದ ಗೆರೆಯಲ್ಲಿ ಬಡಿದ ಕ್ಲ್ಯಾಪರಿನ ಸದ್ದು ಮುಕ್ತಾಯದ ಗೆರೆಯಲ್ಲಿ ನಿಂತವರ ಕಿವಿ ತಲಪಲು ಸುಮಾರು 0.3 ಸೆಕೆಂಡ್ ಬೇಕು. ಸದ್ದು ಕೇಳಿ ಗುಂಡಿ ಒತ್ತಿದರೆ ಮಗುವಿನ ಓಟ ಅಷ್ಟು ಬೇಗ ಮುಗಿದಂತೆ ತೋರುತ್ತದೆ. ಆದ್ದರಿಂದ ಕ್ಲ್ಯಾಪರಿನ ಹಲಗೆಗಳು ಕೂಡುವುದನ್ನು ಕಣ್ಣಿನಿಂದ ನೋಡಿಯೇ ಒತ್ತಬೇಕು. ನಿಲ್ಲಿಸುವುದೂ ಅಷ್ಟೇ ಮುಖ್ಯ: ತಲೆಯೋ ಕೈಕಾಲೋ ಗೆರೆ ಮುಟ್ಟಿದಾಗ ಒತ್ತದೆ, ಮುಂಡ ಗೆರೆಯ ಈಚೆಯ ಅಂಚನ್ನು ತಲಪಿದಾಗ ಒತ್ತಬೇಕು. ಕೈಯಿಂದ ಅಳೆದ 13.42 ಸೆಕೆಂಡನ್ನು ನಿಯಮದಂತೆ ಮುಂದಿನ ದಶಾಂಶಕ್ಕೆ ಏರಿಸಿ 13.5 ಎಂದೇ ಬರೆಯುತ್ತೇನೆ. ಉಪಜಿಲ್ಲಾ ಕ್ರೀಡಾಕೂಟಕ್ಕೆ ಮಕ್ಕಳನ್ನು ಆಯ್ಕೆ ಮಾಡುವಾಗ ಒಬ್ಬರಿಗೂ ಅನ್ಯಾಯವಾಗಬಾರದೆಂಬ ಕಾಳಜಿಯಿಂದ ಈ ಪದ್ಧತಿಯನ್ನು ಒಮ್ಮೆಯೂ ಸಡಿಲಿಸಿಲ್ಲ.

ನನ್ನ ವಾಚಿನಲ್ಲಿ ರೀಸೆಟ್ ಮಾಡಿದೊಡನೆ ಸುತ್ತುಗಳ ಸಮಯ ಅಳಿಸಿಹೋಗುವುದರಿಂದ, ಓಡಿದ ಮಕ್ಕಳೇ ದಣಿವಾರಿಸಿಕೊಳ್ಳುತ್ತಾ ನನ್ನ ಮಣಿಕಟ್ಟು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ; ಆ ಬಳಿಕವೇ ಮುಂದಿನ ಗುಂಪು ಗೆರೆಗೆ ಬರುತ್ತದೆ.